ಕಾರ್ಡ್ ಮೊದಲು, ಪಾಸ್‌ಪೋರ್ಟ್ ಆಮೇಲೆ

ದಾದರಿನಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಳ್ಳದೆ ಲೋಕಲ್ ಹತ್ತದವರು, ರೋಮಿನ ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರ್ ಬಸ್ಸಿನಲ್ಲಿ ಅದೇ ಬ್ಯಾಗನ್ನು ಬೆನ್ನಿಗೆ ನೇತುಹಾಕಿಕೊಂಡು ಕಿಟಕಿಯಾಚೆ ನೋಡುತ್ತ ನಿಲ್ಲುತ್ತಾರೆ. ಮುಂಬೈಯಿಂದ ಗುಂಪು ಪ್ರವಾಸ ಕರೆದುಕೊಂಡು ಹೋಗುವ ನಾನು ಎಚ್ಚರಿಕೆಯ ಮಾತು ಆಡುವುದನ್ನು ಬಹಳ ಕಡಿಮೆ ಮಾಡಿದ್ದೇನೆ. ಅದರ ಬದಲು ಕಳವಾದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ವಿಮಾನ ಹತ್ತುವ ಮುಂಚೆಯೇ ಬಾಯಿಪಾಠ ಮಾಡಿಸುತ್ತೇನೆ. ಎಲ್ಲರಿಗೂ ಮೊದಲು ಪಾಸ್‌ಪೋರ್ಟಿನದೇ ಗಾಬರಿ. ಪಾಸ್‌ಪೋರ್ಟಿನ ನಷ್ಟ ಸಂಜೆಯವರೆಗೂ ಅಷ್ಟೇ ಇರುತ್ತದೆ, ಕಾರ್ಡಿನ ನಷ್ಟ ನಿಂತಲ್ಲೇ ಬೆಳೆಯುತ್ತದೆ.

ಒಟಿಪಿ ಬಾರದೆ ದುಡ್ಡು ಹೋಗುವುದಿಲ್ಲ ಎನ್ನುವುದು ನಮ್ಮ ದೇಶದ ಅಭ್ಯಾಸ. ಎಷ್ಟೋ ವಿದೇಶಿ ವೆಬ್‌ಸೈಟುಗಳಿಗೆ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿ ಇಷ್ಟೇ ಸಾಕು. ಅಂಗಡಿಯಲ್ಲಿ ಕಾರ್ಡ್ ತಟ್ಟಿದರೆ ಯುರೋಪಿನಲ್ಲಿ ಸಾಮಾನ್ಯವಾಗಿ 50 ಯೂರೋವರೆಗೆ ಪಿನ್ ಕೇಳುವುದಿಲ್ಲ. ಹಾಗಾಗಿ ನಿಂತಲ್ಲೇ ಬ್ಯಾಂಕಿನ ಆ್ಯಪ್ ತೆರೆದು ವಿದೇಶಿ ಬಳಕೆಯ ಸ್ವಿಚ್ ಆಫ್ ಮಾಡಿ. ರಿಸರ್ವ್ ಬ್ಯಾಂಕಿನ ನಿಯಮದಿಂದ 2020ರ ಅಕ್ಟೋಬರಿನಿಂದ ಈ ಸ್ವಿಚ್ ಇದೆ. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ. 1800ರಿಂದ ಶುರುವಾಗುವ ಉಚಿತ ನಂಬರ್ ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಕಾರ್ಡಿನ ಹಿಂದೆ ಇರುವ +91 ನಂಬರನ್ನು ಮನೆಯಲ್ಲೇ ಕಾಗದಕ್ಕೆ ಇಳಿಸಿಕೊಳ್ಳಬೇಕು. ಕಾರ್ಡ್ ಹೋದ ಮೇಲೆ ಅದರ ಹಿಂದೆ ಓದುವುದೆಲ್ಲಿ! ದೂರಿನ ನಂಬರ್, ಗಂಟೆ, ನಿಮಿಷ ಬರೆದಿಡಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ತಿಳಿಸಿದ ಮೇಲೆ ಹೋಗುವ ಹಣದ ಹೊಣೆ ಬ್ಯಾಂಕಿನದು. ಮುಂದೆ ವಾದಕ್ಕೆ ನಿಂತರೆ ಆ ನಿಮಿಷವೇ ಸಾಕ್ಷಿ.

ಫೋನೂ ಹೋಗಿದ್ದರೆ ಸಂಗತಿ ಬಿಗಡಾಯಿಸುತ್ತದೆ. ಬೀಗ ಹಾಕಿದ ಫೋನಿನಿಂದ ಕಳ್ಳ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಇದಕ್ಕೆ ಮದ್ದು ಸಿಮ್ ಪಿನ್. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಆನ್ ಮಾಡಿದರೆ ಸಿಮ್ಮನ್ನು ಎಲ್ಲಿಗೆ ಹಾಕಿದರೂ ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ಮಿನ ಬೀಗ ತೆಗೆಯಲು ಕಂಪನಿ ಕೊಡುವ ಕೋಡ್ ಬೇಕು, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಸತ್ತಿತು. ಮೊದಲೇ ಇರುವ ಪಿನ್ ಯಾವುದೆಂದು ಕಂಪನಿಯನ್ನು ಕೇಳಿಕೊಂಡೇ ಇದನ್ನು ಮಾಡಿ, ಊಹಿಸಿ ಒತ್ತಬೇಡಿ. ಗುಂಪಿನಲ್ಲಿ ಇಪ್ಪತ್ತು ಜನರಿದ್ದರೆ ಇದನ್ನು ಮಾಡಿಕೊಂಡು ಬಂದವರು ಒಬ್ಬರೋ ಇಬ್ಬರೋ.

ಗೂಗಲ್ ಖಾತೆಗೆ ಎರಡು ಹಂತದ ಭದ್ರತೆ ಇದ್ದರೆ ಅದು ಕೊಡುವ 10 ಬ್ಯಾಕಪ್ ಕೋಡುಗಳನ್ನು ಬರೆದು ಸೂಟ್‌ಕೇಸಿನಲ್ಲಿಡಿ. ಇಲ್ಲದಿದ್ದರೆ ಹೋಟೆಲಿನ ಕಂಪ್ಯೂಟರಿನಿಂದ ಮೇಲ್ ತೆರೆಯಲು ಹೋದಾಗ ಅದು ಕೋಡ್ ಕಳಿಸುವುದು ಕಳವಾದ ಫೋನಿಗೇ. ಐಫೋನ್ ಹುಡುಕುವ ಐಕ್ಲೌಡ್ ಪುಟ ಮಾತ್ರ ಎರಡನೇ ಕೋಡ್ ಕೇಳದೆ ತೆರೆದುಕೊಳ್ಳುತ್ತದೆ. *#06# ಒತ್ತಿದರೆ ಬರುವ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಕೂಡ ಅದೇ ಕಾಗದದಲ್ಲಿರಲಿ, ಪೊಲೀಸರು ಕೇಳುತ್ತಾರೆ. ಕಾಗದದ ಇನ್ನೊಂದು ಪ್ರತಿ ಡೊಂಬಿವಲಿಯಲ್ಲೋ ವಾಶಿಯಲ್ಲೋ ಮನೆಯವರ ಕೈಯಲ್ಲಿರಲಿ, ಯಾವ ಪಿನ್ನೂ ಅದರಲ್ಲಿ ಇರಬಾರದು.

ಖರ್ಚಿಗೆ: ವಿದೇಶಿ ಹಣ ಮೊದಲೇ ತುಂಬಿಸಿಟ್ಟುಕೊಳ್ಳುವ ಫಾರೆಕ್ಸ್ ಕಾರ್ಡ್ ಕೊಳ್ಳುವಾಗ ಎರಡನೆಯ ಕಾರ್ಡ್ ಕೇಳಿ ತೆಗೆದುಕೊಂಡು ಬೇರೆ ಚೀಲದಲ್ಲಿಡಿ. ಮುಂಬೈಯಿಂದಲೇ ಅದಕ್ಕೆ ಹಣ ತುಂಬಿಸಬಹುದು.

ಈಗ ಪೊಲೀಸ್. ಹೋಗುವ ಮುಂಚೆ ಹದಿನೈದು ನಿಮಿಷ ಹತ್ತಿರದ ಕಸದ ಬುಟ್ಟಿ, ಕೆಫೆಯ ಕೌಂಟರ್, ಬಸ್ಸಿನ ಕಚೇರಿ ನೋಡಿ. ಜೇಬುಗಳ್ಳರಿಗೆ ಬೇಕಾದದ್ದು ನೋಟು, ಉಳಿದದ್ದನ್ನು ಎಸೆದು ಹೋಗುವುದುಂಟು. ಈ ಹುಡುಕಾಟಕ್ಕೆ ಕಾರಣವಿದೆ: ಕಳವಾಗಿದೆ ಎಂದು ಒಮ್ಮೆ ದಾಖಲಾದ ಪಾಸ್‌ಪೋರ್ಟ್ ಮರುದಿನ ಸಿಕ್ಕರೂ ಅದರ ಮೇಲೆ ಪ್ರಯಾಣ ಮಾಡಲಾಗದು. ಸಿಗದಿದ್ದರೆ ಅಂದೇ ದೂರು ಕೊಡಿ. ಎಷ್ಟೋ ವಿಮಾ ಪಾಲಿಸಿಗಳು 24 ಗಂಟೆಯೊಳಗಿನ ದೂರನ್ನೇ ಕೇಳುತ್ತವೆ. ಇಟಲಿಯಲ್ಲಿ ಅದನ್ನು ದೆನುಂಚಾ ಎನ್ನುತ್ತಾರೆ, ಕ್ವೆಸ್ತೂರಾ ಎಂಬ ಪೊಲೀಸ್ ಕಚೇರಿಯಲ್ಲಿ ಅಥವಾ ಕರಾಬಿನಿಯೇರಿ ಎಂಬ ಇನ್ನೊಂದು ಪೊಲೀಸ್ ಪಡೆಯ ಠಾಣೆಯಲ್ಲಿ ಬರೆಸಬಹುದು. ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರ ನಂಬರ್ 1155. ‘ಕಳೆದುಹೋಯಿತು’ ಎಂದು ಬರೆಸಿದರೆ ಕಳವಿನ ವಿಮೆ ಕೈತಪ್ಪೀತು, ‘ಕಳವು’ ಎಂದೇ ಬರೆಸಿ. ಮನೆಮಂದಿ ಎಲ್ಲರ ಪಾಸ್‌ಪೋರ್ಟ್ ಒಂದೇ ಪೌಚಿನಲ್ಲಿದ್ದರೆ ಪ್ರತಿಯೊಂದರ ನಂಬರೂ ದೂರಿನ ಕಾಗದದಲ್ಲಿ ಇರಬೇಕು. ಒಂದು ಬಿಟ್ಟುಹೋದರೂ ರಾಯಭಾರ ಕಚೇರಿಯಿಂದ ಮತ್ತೆ ಠಾಣೆಗೇ ಓಡಬೇಕು. ಸಹಿ, ಮೊಹರು ನೋಡಿಕೊಂಡೇ ಹೊರಬನ್ನಿ.

ಭಾರತೀಯ ರಾಯಭಾರ ಕಚೇರಿಯಲ್ಲಿ ಎರಡು ದಾರಿ: ಹೊಸ ಪಾಸ್‌ಪೋರ್ಟ್, ಇಲ್ಲವೇ ಎಮರ್ಜೆನ್ಸಿ ಸರ್ಟಿಫಿಕೇಟ್. ಸರ್ಟಿಫಿಕೇಟ್ ಬೇಗ ಸಿಗುತ್ತದೆ, ಆದರೆ ಅದು ಭಾರತಕ್ಕೆ ಮರಳುವ ಒಮ್ಮುಖದ ಪತ್ರ. ರೋಮಿನಲ್ಲಿ ಪಡೆದು ಮುಂದೆ ಪ್ಯಾರಿಸ್ ನೋಡುತ್ತೇನೆ ಎನ್ನುವುದು ಆಗದ ಮಾತು. ಹಳೆಯ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ, ದೂರಿನ ಪ್ರತಿ, ವಾಪಸ್ ಟಿಕೆಟ್, ಬಿಳಿ ಹಿನ್ನೆಲೆಯ ನಾಲ್ಕು ಫೋಟೊ ಒಯ್ಯಿರಿ. ಶನಿವಾರ ಕಳವಾದರೆ ಕಚೇರಿ ಮುಚ್ಚಿರುತ್ತದೆ. ವೆಬ್‌ಸೈಟಿನಲ್ಲಿರುವ ತುರ್ತು ನಂಬರಿಗೆ ಫೋನ್ ಮಾಡಿ. ವಾಪಸ್ ಟಿಕೆಟಿಗೆ ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಿಸಬೇಕಿದ್ದರೆ ಈ ಪತ್ರ ಅಲ್ಲಿ ನಡೆಯುತ್ತದೆಯೇ ಎಂದು ವಿಮಾನ ಕಂಪನಿಯನ್ನು ಮುಂಚೆಯೇ ಕೇಳಿ. ನಾನು ಸಾಧ್ಯವಾದಷ್ಟು ಮುಂಬೈಗೆ ನೇರ ವಿಮಾನವನ್ನೇ ಹುಡುಕುತ್ತೇನೆ.

ವಿಮೆಯ ಬಗ್ಗೆ ಭ್ರಮೆ ಬೇಡ. ಬಹುಪಾಲು ಪಾಲಿಸಿಗಳಲ್ಲಿ ‘ಬ್ಯಾಗೇಜ್’ ಎಂದರೆ ವಿಮಾನ ಕಂಪನಿಗೆ ಒಪ್ಪಿಸಿದ ಪೆಟ್ಟಿಗೆ, ಹೆಗಲ ಚೀಲವಲ್ಲ. ಪಾಸ್‌ಪೋರ್ಟಿಗೂ ಹೊಸದರ ಖರ್ಚಷ್ಟೇ ಸಿಗುವುದು. ಶುಲ್ಕದ ರಸೀದಿಗಳನ್ನು ಬಿಸಾಡಬೇಡಿ.

ಮುಂಬೈಯಲ್ಲಿ ಇಳಿದಾಗ ಇಮಿಗ್ರೇಷನ್‌ನವರು ಸರ್ಟಿಫಿಕೇಟನ್ನು ಇಟ್ಟುಕೊಳ್ಳಬಹುದು, ಅದರ ನಕಲು ವಿಮಾನ ಹತ್ತುವ ಮುಂಚೆಯೇ ಮಾಡಿಟ್ಟಿರಿ. ಹೊಸ ಪಾಸ್‌ಪೋರ್ಟಿನ ಅರ್ಜಿ ಮರುವಿತರಣೆ (ರೀಇಶ್ಯೂ) ವಿಭಾಗದಲ್ಲಿ, ಕಾರಣ ‘ಕಳವು’. ಪಾಸ್‌ಪೋರ್ಟ್ ಹೇಗೆ ಹೋಯಿತೆಂದು ಪ್ರಮಾಣ ಮಾಡಿ ಹೇಳುವ ಅನೆಕ್ಶರ್ ಎಫ್ ಅಫಿಡವಿಟ್ ಬೇಕು, 36 ಪುಟಕ್ಕೆ ಶುಲ್ಕ 3,000 ರೂಪಾಯಿ, ತತ್ಕಾಲ್‌ಗೆ ಮತ್ತೆ 2,000. ಇಟಾಲಿಯನ್ ದೂರಿನ ಜತೆ ಇಂಗ್ಲಿಷ್ ಅನುವಾದ ಒಯ್ದರೆ ಕೌಂಟರಿನಿಂದ ಕೌಂಟರಿಗೆ ಅಲೆಯುವುದು ತಪ್ಪುತ್ತದೆ.