ಬೇಸಿಗೇಲಿ ಹಣ್ಣಿನ ವೀಟ್ ಬಿಯರ್: ನಾನು ಟೇಸ್ಟ್ ಮಾಡೋ ರೀತಿ

ಬಿಸಿಲು ಜಾಸ್ತಿ ಆದ್ರೆ ಕಹಿ ಐಪಿಎ, ಕಪ್ಪು ಸ್ಟೌಟ್ ಥರದ ಬಿಯರ್ ಯಾವ್ದೂ ನಂಗೆ ಸೇರಲ್ಲ, ಗೋಧಿ ಹಾಕಿ ಮಾಡೋ ವೀಟ್ ಬಿಯರೇ ಬೇಕು, ಅದ್ರಲ್ಲೂ ಹಣ್ಣು ಹಾಕಿರೋದು. ಆದ್ರೆ ಫ್ರಿಜ್ಜಿಂದ ತೆಗೆದು ಗಟಗಟ ಅಂತ ಕುಡಿಯೋದು ಬೇರೆ, ನಾಲ್ಕೈದು ಥರದ್ದು ಇಟ್ಕೊಂಡು ಯಾವ್ದ್ರಲ್ಲಿ ನಿಜವಾಗ್ಲೂ ಹಣ್ಣಿದೆ ಅಂತ ನೋಡೋದು ಬೇರೆ. ತೀರಾ ತಣ್ಣಗಿದ್ರೆ ನಾಲಿಗೆ ಮರಗಟ್ಟುತ್ತೆ, ಪರಿಮಳನೂ ಮೇಲೇಳಲ್ಲ, ಎಲ್ಲಾ ಚೆನ್ನಾಗೇ ಇದೆ ಅನ್ಸಿಬಿಡತ್ತೆ.

ಹಾಗಾಗಿ ನಾನು ಸ್ವಲ್ಪ ಮುಂಚೆನೇ ಹೊರಗೆ ತೆಗೆದಿಡ್ತೀನಿ, 5ರಿಂದ 7 ಡಿಗ್ರಿ ಇದ್ರೆ ಸಾಕು. ಒಂದೊಂದೂ 100 ಎಂಎಲ್ ಅಷ್ಟೇ. ಮೊದಲು ಮೂಸೋದು, ಒಂದು ಗುಟುಕು, ಆಮೇಲೆ ಗ್ಲಾಸ್ ಹಾಗೇ ಬಿಟ್ಟು 12 ಡಿಗ್ರಿ ಹತ್ರ ಬಂದ್ಮೇಲೆ ಇನ್ನೊಂದು ಗುಟುಕು. ಈ ಎರಡನೇ ಗುಟುಕಲ್ಲೇ ಬಂಡವಾಳ ಬಯಲಾಗೋದು, ಬರೀ ಎಸೆನ್ಸ್ ಸುರಿದಿರೋದು ಆಗ ಕೆಮ್ಮಿನ ಸಿರಪ್ ಥರ ಆಗಿರತ್ತೆ.

ಶುರು ಮಾತ್ರ ಯಾವಾಗ್ಲೂ ಹಣ್ಣೇ ಇಲ್ದಿರೋ ಹೆಫೆವೈಝೆನ್ (ಜರ್ಮನಿಯ ಸೋಸದ ವೀಟ್ ಬಿಯರ್) ಇಂದ. ಅದ್ರಲ್ಲಿ ಬರೋ ಬಾಳೆಹಣ್ಣು, ಲವಂಗದ ವಾಸನೆ ಯಾರೂ ಹಾಕಿದ್ದಲ್ಲ, ಯೀಸ್ಟ್ ಮಾಡೋ ಕೆಲ್ಸ ಅದು. ಬಾಳೆಹಣ್ಣಿನ ವಾಸನೆಗೆ ಐಸೊಅಮೈಲ್ ಅಸಿಟೇಟ್ ಅನ್ನೋ ರಾಸಾಯನಿಕ ಕಾರಣ, ನಿಜವಾದ ಬಾಳೆಹಣ್ಣಲ್ಲೂ ಅದೇ ಇರೋದು. ಇದನ್ನ ಮೊದಲು ನಾಲಿಗೆಗೆ ಹಾಕ್ಕೊಂಡ್ರೆ ಮುಂದೆ ಯೀಸ್ಟಿಂದ ಬಂದಿದ್ದು ಯಾವ್ದು, ಹಣ್ಣಿಂದ ಬಂದಿದ್ದು ಯಾವ್ದು ಅಂತ ಬಿಡಿಸಿ ನೋಡೋಕಾಗತ್ತೆ. ಎರಡನೇದು ಬೆಲ್ಜಿಯಂ ಕಡೆಯ ವಿಟ್‌ಬಿಯರ್, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿರೋದು. ಅಲ್ಲಿನ ಹೂಗಾರ್ಡನ್ ಊರಲ್ಲಿ ಈ ಶೈಲಿ ಪೂರ್ತಿ ನಿಂತೇಹೋಗಿತ್ತು, 1960ರ ದಶಕದಲ್ಲಿ ಪಿಯರ್ ಸೆಲಿಸ್ ಅನ್ನೋರು ಮತ್ತೆ ಶುರು ಮಾಡಿದ್ರು, ಪುಣ್ಯಾತ್ಮ.

ಹಣ್ಣಿನ ಬಿಯರ್ ಅಂದ್ರೆ ಜ್ಯೂಸ್ ಥರ ಸಿಹಿ ಇರ್ಬೇಕು ಅಂತ ತುಂಬಾ ಜನ ಅಂದ್ಕೋತಾರೆ, ಆದ್ರೆ ಹುದುಗೋವಾಗ ಹಣ್ಣು ಹಾಕಿದ್ರೆ ಅದ್ರ ಸಕ್ಕರೆನೆಲ್ಲಾ ಯೀಸ್ಟೇ ತಿಂದುಬಿಡತ್ತೆ, ಉಳಿಯೋದು ಹುಳಿ, ಪರಿಮಳ, ಸ್ವಲ್ಪ ಒಗರು ಅಷ್ಟೇ. ತೀರಾ ಸಿಹಿ ಇದ್ರೆ ಹೆಚ್ಚಾಗಿ ಆಮೇಲೆ ಸೇರಿಸಿದ್ದೇ ಇರತ್ತೆ. ಅದೇನೂ ತಪ್ಪಲ್ಲ ಬಿಡಿ, ಬರ್ಲಿನ್ ಕಡೆ ಹುಳಿಯಾಗಿರೋ ಬರ್ಲಿನರ್ ವೈಸ್‌ಗೆ ಗ್ಲಾಸಲ್ಲೇ ಕೆಂಪು ರಾಸ್ಬೆರಿ ಸಿರಪ್ಪೋ ಹಸಿರು ಸಿರಪ್ಪೋ ಹಾಕೊಂಡು ಕುಡೀತಾರೆ, ಆಲ್ಕೋಹಾಲೂ ಸುಮಾರು 3% ಅಷ್ಟೇ. ಇಂಥ ಹುಳಿ ಐಟಂ ಎಲ್ಲಾ ನಾನು ಕೊನೆಗೆ ಇಡೋದು, ಚೆರಿ ಹಾಕಿದ ಕ್ರೀಕ್ ಅನ್ನೋ ಬೆಲ್ಜಿಯಂ ಬಿಯರ್ ಕೂಡ, ಮೊದಲೇ ಕುಡಿದ್ರೆ ಆಮೇಲೆ ಮಿಕ್ಕಿದ್ದೆಲ್ಲಾ ಸಪ್ಪೆ. ಮಧ್ಯೆ ನೀರು, ಉಪ್ಪು ಖಾರ ಇಲ್ದಿರೋ ಬ್ರೆಡ್ ತುಂಡು, ಅಷ್ಟೇ.

ಗ್ಲಾಸಲ್ಲಿ ಸೋಪಿನ ಜಿಡ್ಡು ಉಳಿದಿದ್ರೆ ನೊರೆ ನಿಲ್ಲಲ್ಲ, ಚೆನ್ನಾಗಿ ತೊಳೀಬೇಕು. ಹೆಫೆವೈಝೆನ್ ಆದ್ರೆ ಕೊನೇಲಿ ಬಾಟಲಿ ಸ್ವಲ್ಪ ತಿರುಗಿಸಿ ತಳದಲ್ಲಿರೋ ಯೀಸ್ಟನ್ನೂ ಬಗ್ಗಿಸ್ಕೋಬೇಕು. ಇನ್ನು ಬೇಸಿಗೆ ಅಂತ ಬಿಸಿಲಲ್ಲಿ ಗ್ಲಾಸ್ ಹಿಡ್ಕೊಂಡು ಕೂರೋ ಅಭ್ಯಾಸ ಇದ್ರೆ ಬಿಟ್ಬಿಡಿ, ಬೆಳಕು ಬಿದ್ರೆ ಹಾಪ್ಸ್ (ಬಿಯರಿಗೆ ಕಹಿ ಕೊಡೋ ಹೂವು) ಕಹಿ ಅಂಶ ಒಡೆದು ಕೆಟ್ಟ ಗಬ್ಬು ವಾಸನೆ ಬರತ್ತೆ, ಅದಕ್ಕೇ ಬಿಳಿ, ಹಸಿರು ಬಾಟಲಿಗಿಂತ ಕಂದು ಬಾಟಲಿ ವಾಸಿ. ಬಾಯಿಗೆ ಹಗುರ ಅನ್ಸಿದ್ರೂ ಇವು ಹೆಚ್ಚಿನವು 4ರಿಂದ 5.5% ಇರತ್ತೆ, ಗಾಡಿ ಓಡ್ಸೋದಿದ್ರೆ ಮುಟ್ಟಲೇಬೇಡಿ.

ಹಣ್ಣುಗಳಲ್ಲಿ ನನ್ನ ವೋಟು ರಾಸ್ಬೆರಿಗೆ, ಬೆಚ್ಚಗಾದ್ರೂ ಜಗ್ಗಲ್ಲ. ಸ್ಟ್ರಾಬೆರಿ ಬೇಗ ಮಾಯ ಆಗತ್ತೆ, ತಾಜಾ ಇದ್ರೆ ಮಾತ್ರ ತಗೋಳಿ, ಡೇಟ್ ನೋಡಿ. ಏಪ್ರಿಕಾಟ್ ಪೀಚ್‌ಗಿಂತ ಗಟ್ಟಿ. ಕಲ್ಲಂಗಡಿದು ಮಾತ್ರ ಇದುವರೆಗೂ ಒಂದೂ ಹಿಡಿಸಿಲ್ಲ, ಎರಡನೇ ಗುಟುಕಿಗೆ ಸೌತೆಕಾಯಿ ವಾಸನೆ ಬರತ್ತೆ, ಯಾವ್ದಾದ್ರೂ ಚೆನ್ನಾಗಿರೋದು ಗೊತ್ತಿದ್ರೆ ಹೇಳಿ.