ಕರ್ತನಿಗೆ ವಟ್ರಸುಳಿ ಹಚ್ಚಬೇಡಿ: ಕ್ರೈಸ್ತರ ಪತ್ರಿಕೆ ಟೈಪ್ ಮಾಡುವವರಿಗೆ

ಗದುಗಿನ ಒಂದು ಪ್ರೆಸ್ಸಿನಲ್ಲಿ ಹನ್ನೊಂದು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ನಮ್ಮೂರಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಲಗ್ನ, ಜಾತ್ರೆ, ಪುಣ್ಯಸ್ಮರಣೆ ಎಲ್ಲಾ ಬರುತ್ತವೆ. ಡಿಸೆಂಬರ್ ಬಂತೆಂದರೆ ಬೆಟಗೇರಿ ಕಡೆಯಿಂದ ಕ್ರಿಸ್‌ಮಸ್ ಕಾರ್ಯಕ್ರಮದ ಹಾಳೆಗಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದವರು. ಊರಿಗೆ ಅವರ ಕನ್ನಡ ಹಳೆಯದು, ನನಗೇ ಹೊಸದಾಗಿತ್ತು.

ಮೊದಲ ವರ್ಷ ಒಂದು ಸ್ಮರಣೆ ಕಾರ್ಡು ಬಂತು. ‘ಕರ್ತನಲ್ಲಿ ನಿದ್ರೆಹೋದ ನಮ್ಮ ತಾಯಿಯವರು’ ಅಂತ ಕೈಬರಹ. ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಲಿಂಗೈಕ್ಯರಾದರು ಅನ್ನುತ್ತೇವೆ, ಹಾಗಾಗಿ ‘ನಿದ್ರೆಹೋದ’ ಅರ್ಥವಾಯಿತು. ಆದರೆ ‘ಕರ್ತ’ ಅನ್ನುವುದನ್ನು ಬರೆದವರ ತಪ್ಪು ಅಂದುಕೊಂಡೆ. ಮಠದ ಪತ್ರಿಕೆಗಳಲ್ಲಿ ‘ಕರ್ತೃ ಗದ್ದುಗೆ’ ಟೈಪ್ ಮಾಡಿ ಮಾಡಿ ಕೈ ಪಳಗಿತ್ತು. ಸುಮ್ನೆ ಒಂದು ವಟ್ರಸುಳಿ ಹಚ್ಚಿಬಿಟ್ಟೆ. ಇನ್ನೂರು ಕಾರ್ಡು ಅಚ್ಚಾದವು. ಒಯ್ಯಲು ಬಂದ ಅಜ್ಜ ಕನ್ನಡಕ ಏರಿಸಿ ನೋಡಿ, “ಯಾಕವಾ ತಂಗಿ, ನಮ್ಮ ಕರ್ತಗ ಈ ಸುಳಿ ಯಾಕ ಹಚ್ಚೀದಿ?” ಅಂದರು. ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ನಾಚಿಕೆಯಾಯಿತು.

ಮರುಮುದ್ರಣ ಆಗುವ ತನಕ ಅಜ್ಜ ಅಲ್ಲೇ ಕೂತು ಹೇಳಿದ್ದು, ಆಮೇಲೆ ನಾನು ಓದಿ ಕೇಳಿ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಯೆಹೋವ, ಕ್ರಿಸ್ತ, ಕರ್ತ, ಇವು ಒಂದರ ಬದಲು ಇನ್ನೊಂದು ಹಾಕಬಹುದಾದ ಪದಗಳಲ್ಲ. ಒಂದು ಹೆಸರು, ಒಂದು ಹುದ್ದೆ, ಒಂದು ಸಂಬಂಧ. ಯಾವುದು ಯಾವುದೆಂದು ಗೊತ್ತಾದರೆ ತಪ್ಪು ತಾನಾಗಿಯೇ ಕಡಿಮೆಯಾಗುತ್ತದೆ.

ಕರ್ತ ಅಂದರೆ ಒಡೆಯ. ಕರ್ತೃ ಅಂದರೆ ಮಾಡಿದವನು, ಸ್ಥಾಪಿಸಿದವನು. ‘ಕರ್ತನಾದ ಯೇಸು’ ಅನ್ನುವಾಗ ನಾನು ಆಳು, ಆತ ನನ್ನ ಧಣಿ ಅನ್ನುವ ಸಂಬಂಧ ಹೇಳುತ್ತಾರೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್‌ನಲ್ಲಿ. ಅಲ್ಲಿ ಈ ಪದ ‘ಕುರಿಯೊಸ್’. ಮನೆಯ ಯಜಮಾನನಿಗೂ ಅದೇ ಪದ, ಯೆಹೂದಿ ಗ್ರಂಥದ ಗ್ರೀಕ್ ಅನುವಾದದಲ್ಲಿ ದೇವರ ಹೆಸರಿನ ಜಾಗದಲ್ಲೂ ಅದೇ ಪದ. ಹಾಗಾಗಿ ಯೇಸುವನ್ನು ಕರ್ತ ಅನ್ನುವುದು ಬರೀ ಮರ್ಯಾದೆಯ ಮಾತಲ್ಲ, ದೊಡ್ಡ ಮಾತೇ. ಕ್ಯಾಥೊಲಿಕರು ಇದೇ ಜಾಗದಲ್ಲಿ ‘ಪ್ರಭು’ ಅನ್ನುತ್ತಾರೆ.

ಯೆಹೋವ ಅನ್ನುವುದು ಹೆಸರು. ‘ದೇವರು’ ಸಾಮಾನ್ಯ ಪದವಾದರೆ ಇದು ಅಂಕಿತನಾಮ. ಇದರ ಕಥೆ ನಮ್ಮಂಥ ಅಕ್ಷರದವರಿಗೆ ಬಹಳ ಹಿಡಿಸುತ್ತದೆ. ಹೀಬ್ರೂನಲ್ಲಿ ಬರೆಯುತ್ತಿದ್ದದ್ದು ವ್ಯಂಜನ ಮಾತ್ರ: ಯ್, ಹ್, ವ್, ಹ್. ತಲೆಕಟ್ಟು, ಗುಡಿಸು, ಕೊಂಬು ಏನೂ ಇಲ್ಲದ ನಾಲ್ಕು ಅಕ್ಷರ ಅಂದುಕೊಳ್ಳಿ. ಆ ಹೆಸರು ಎಷ್ಟು ಪವಿತ್ರವೆಂದರೆ ಯೆಹೂದಿಗಳು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಬಂದಲ್ಲೆಲ್ಲಾ ‘ಅದೋನಾಯ್’, ಅಂದರೆ ನನ್ನ ಒಡೆಯ, ಅಂತ ಓದುತ್ತಿದ್ದರು. ಮುಂದೆ ಸ್ವರಚಿಹ್ನೆ ಹಾಕುವ ರೂಢಿ ಬಂದಾಗ, ಓದುವವರಿಗೆ ನೆನಪಾಗಲಿ ಅಂತ ಅದೋನಾಯ್‌ನ ಸ್ವರಗಳನ್ನು ಈ ನಾಲ್ಕು ಅಕ್ಷರಕ್ಕೆ ಹಚ್ಚಿದರು. ಶತಮಾನಗಳ ಮೇಲೆ ಎರಡನ್ನೂ ಕೂಡಿಸಿ ಓದಿದವರಿಂದ ಯೆಹೋವ ಆಯಿತು. ಹಚ್ಚಿದ ಚಿಹ್ನೆಯೇ ಹೆಸರನ್ನು ಬದಲಿಸಿದ ಕಥೆ ಇದು. ನನ್ನ ವಟ್ರಸುಳಿ ಒಂದೇ ದಿನಕ್ಕೆ ಸಿಕ್ಕಿಬಿತ್ತು, ಅಷ್ಟೇ ವ್ಯತ್ಯಾಸ!

ಇನ್ನೊಂದು ಗಮನಿಸಿದ್ದು. ನಮ್ಮ ದೇವರ ಹೆಸರಿನ ಜೊತೆ ಊರು ಬರುತ್ತದೆ: ಗದುಗಿನ ವೀರನಾರಾಯಣ, ಕೂಡಲಸಂಗಮದೇವ. ಅವರಲ್ಲಿ ಮನುಷ್ಯರು ಬರುತ್ತಾರೆ: ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು. ಅಜ್ಜ, ಅಪ್ಪ, ಮೊಮ್ಮಗ. ಮೂರೂ ಕಡೆ ‘ದೇವರು’ ಬಂದಿದೆ ಅಂತ ಎರಡನ್ನು ಅಳಿಸಬೇಡಿ.

ಕ್ರಿಸ್ತ ಅಡ್ಡಹೆಸರಲ್ಲ. ನಮ್ಮ ಕಡೆ ಹೂಗಾರ, ಪಾಟೀಲ, ಮೆಣಸಿನಕಾಯಿ ಇದ್ದ ಹಾಗೆ ಅದೂ ಒಂದು ಅಂತ ನಾನು ತಿಳಿದಿದ್ದೆ. ಅದು ಹುದ್ದೆ. ಹೀಬ್ರೂನ ‘ಮೆಸ್ಸೀಯ’ದ ಗ್ರೀಕ್ ರೂಪ, ಅರ್ಥ ‘ಅಭಿಷಿಕ್ತ’. ನಾವು ಅಭಿಷೇಕ ಮಾಡುವುದು ಲಿಂಗಕ್ಕೆ, ಮೂರ್ತಿಗೆ. ಇಸ್ರೇಲಿನಲ್ಲಿ ಒಬ್ಬನನ್ನು ರಾಜನೆಂದೋ ಯಾಜಕನೆಂದೋ ನೇಮಿಸುವಾಗ ತಲೆಯ ಮೇಲೆ ಎಣ್ಣೆ ಹೊಯ್ಯುತ್ತಿದ್ದರು. ಮುಂದೆ ರಾಜನಾದ ದಾವೀದನಿಗೆ ಪ್ರವಾದಿ ಸಮುವೇಲನು ಕೊಂಬಿನಿಂದ ಎಣ್ಣೆ ಹೊಯ್ದದ್ದು ಹಾಗೇ. ಹೊಸ ಒಡಂಬಡಿಕೆಯಲ್ಲಿರುವ ಪೌಲನ ಪತ್ರಗಳ ವಾಕ್ಯ ಕೊಟ್ಟರೆ ಕೆಲವು ಕಡೆ ‘ಕ್ರಿಸ್ತ ಯೇಸು’ ಅಂತ ತಿರುವುಮುರುವು ಇರುತ್ತದೆ. ಅದು ಸರಿಯೇ ಇದೆ.

‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’. ಇಲ್ಲಿ ನಮ್ಮಂಥವರ ಕೈ ಎರಡು ಕಡೆ ತುರಿಸುತ್ತದೆ. ಮೂವರಿದ್ದಾರಲ್ಲ, ‘ಹೆಸರುಗಳಲ್ಲಿ’ ಆಗಬೇಕಲ್ವಾ? ಬೇಡ. ದೇವರು ಒಬ್ಬನೇ ಅನ್ನುವುದು ಆ ಏಕವಚನದಲ್ಲೇ ಇದೆ. ‘ಪವಿತ್ರಾತ್ಮದ’ ಅಂತಲೂ ತಿದ್ದಬೇಡಿ. ‘ನ’ ಇರುವುದು ಆತ್ಮ ಒಂದು ಶಕ್ತಿಯಲ್ಲ, ವ್ಯಕ್ತಿ ಅಂತ ಅವರು ನಂಬುವುದಕ್ಕೆ. ಮಗ ಅಂದರೆ ಲಗ್ನವಾಗಿ ಹುಟ್ಟಿದ ಮಗ ಅನ್ನುವ ಅರ್ಥವೂ ಇಲ್ಲ. 325ರಲ್ಲಿ ನೈಸಿಯಾ ಎಂಬಲ್ಲಿ ಬಿಷಪರ ಸಭೆ ಕೂಡಿ ಹೇಳಿದ್ದು, ಆತ ತಂದೆಯಿಂದ ಜನಿಸಿದವನು, ಉಂಟುಮಾಡಲ್ಪಟ್ಟವನಲ್ಲ ಅಂತ. ಇದನ್ನು ಪೂರ್ತಿ ಬಿಡಿಸಿ ಹೇಳುವುದು ನನ್ನ ಕೈಲಾಗದ ಕೆಲಸ.

ಯೇಸು ತನ್ನನ್ನು ತಾನೇ ಕರೆದುಕೊಂಡ ‘ಮನುಷ್ಯಕುಮಾರ’ ಒಂದೇ ಪದ, ಒಡೆಯಬೇಡಿ. ದಾನಿಯೇಲನ ಗ್ರಂಥದಲ್ಲಿ ಮೇಘಗಳೊಂದಿಗೆ ಬರುವವನ ನೆನಪು ಅದರಲ್ಲಿದೆ. ‘ಇಮ್ಮಾನುವೇಲ್’ ಅಂದರೆ ದೇವರು ನಮ್ಮ ಕೂಡ ಇದ್ದಾನೆ ಅಂತ. ಕ್ರಿಸ್‌ಮಸ್ ಹಾಳೆಯಲ್ಲಿ ಇದು ಖಾಯಂ.

ಸ್ಮರಣೆ ಕಾರ್ಡಿನಲ್ಲಿ ಅತಿ ಜಾಸ್ತಿ ಬರುವ ಸಾಲು, ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ, “ಅಕ್ಕಾ, ಇದು ಜಾತಿ ಹೆಸರು, ತಗೀಲೇನ್ರಿ?” ಅಂದ. ಅವನನ್ನು ಸಂಜೆ ಮುಳಗುಂದ ರಸ್ತೆಗೆ ಕರೆದುಕೊಂಡು ಹೋದೆ. ಕೊಯ್ಲಾದ ಹೊಲದಲ್ಲಿ ಕುರಿ ತರುಬಿದ್ದರು. ಸುತ್ತ ಬಲೆ, ಒಂದು ಕಡೆ ಮಾತ್ರ ಸಂದು. ಆ ಸಂದಿಗೆ ಅಡ್ಡಲಾಗಿ ಕಂಬಳಿ ಹಾಸಿಕೊಂಡು ಒಬ್ಬ ಮುದುಕ ಕೂತಿದ್ದ, ಅದರ ಮಡಿಕೆಯೊಳಗೆ ಅಂದೇ ಹುಟ್ಟಿದ ಮರಿ. “ರಾತ್ರಿ ಇಲ್ಲೇ ಮಲಗ್ತೀರೇನ್ರಿ?” ಅಂದರೆ, “ಮತ್ತೆಲ್ಲಿ? ನಾನ ಬಾಗಲ” ಅಂದ. ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ತಾನೇ ಕುರಿಗಳಿಗೆ ಬಾಗಿಲು, ತಾನೇ ಒಳ್ಳೆಯ ಕುರುಬ, ಎರಡೂ ಹೇಳುತ್ತಾನೆ. ಎರಡು ಹೇಗೆ ಒಬ್ಬನೇ ಆದಾನು ಅಂತ ನನಗಿದ್ದ ಗೊಂದಲ ಅಲ್ಲೇ ಹೋಯಿತು. ಹುಡುಗ ಸಾಲು ತಿದ್ದಲಿಲ್ಲ.

‘ದೇವರ ಕುರಿಮರಿ’ ಬಂದರೆ ಮುದ್ದಾದ ಮರಿಯ ಚಿತ್ರ ಹಾಕುವ ಮುಂಚೆ ಕೇಳಿ. ಅದು ಯೇಸುವಿಗೇ ಇರುವ ಹೆಸರು, ಯೆಹೂದಿಗಳ ಪಸ್ಕ ಹಬ್ಬದ ಬಲಿಯ ಮರಿ.

ಕೊನೆಗೆ ಕೆಲಸದ ಮಾತು. ಟೈಪ್ ಶುರು ಮಾಡುವ ಮೊದಲೇ ಮನೆಯಲ್ಲಿ ಯಾವ ಬೈಬಲ್ ಓದುತ್ತಾರೆ ಅಂತ ಕೇಳಿ. ಪ್ರೊಟೆಸ್ಟೆಂಟರ ಹಳೆಯ ಸತ್ಯವೇದದಲ್ಲಿ ‘ಯೆಹೋವನು’, ‘ಯೇಸು ಹೇಳಿದನು’. ಕ್ಯಾಥೊಲಿಕರು ಓದುವುದರಲ್ಲಿ ‘ಸರ್ವೇಶ್ವರ’, ‘ಯೇಸು ಹೇಳಿದರು’. ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಕರಡನ್ನು ಮನೆಯ ಹಿರಿಯರ ಕೈಗೇ ಕೊಟ್ಟು ಸಹಿ ಹಾಕಿಸಿ. ಇನ್ನೂರು ಕಾರ್ಡಿನ ಹಿಂಬದಿಯಲ್ಲಿ ನಾವು ಒಂದು ವರ್ಷ ಚಹಾದ ಲೆಕ್ಕ ಬರೆದಿದ್ದೇವೆ.