ಖಾಲಿ ವೃತ್ತದಲ್ಲಿ ಮಣ್ಣಿನ ಹೋಳುಗಳು ಬಂದದ್ದು ಹೀಗೆ

ಶ್ರೀನಿವಾಸಪುರದ ಮಾವಿನ ತೋಟಗಳ ಮಣ್ಣಿನಲ್ಲಿ ಮರಳು, ರೇವೆ, ಜೇಡಿ ಎಷ್ಟೆಷ್ಟಿವೆ ಎಂದು ನಕ್ಷೆಯ ಮೇಲೆ ಪೈ ಚಾರ್ಟ್‌ನಲ್ಲಿ ತೋರಿಸಬೇಕಿತ್ತು. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಚಾರ್ಟ್ ಹಾಕುವ 'ಡಯಾಗ್ರಾಮ್ಸ್' ಆಯ್ಕೆಗೆ ಹೋಗಿ ಮೂರೂ ಕಾಲಂ ಸೇರಿಸಿದೆ. ಬಂದದ್ದು ಬರೀ ಖಾಲಿ ವೃತ್ತ! ಎರಡು ದಿನ ಬಣ್ಣ, ಅಳತೆ ಬದಲಿಸುತ್ತಾ ಸುಮ್ನೆ ಒದ್ದಾಡಿದೆ.

ತಪ್ಪು ಇದ್ದದ್ದು ಮಣ್ಣಿನ ಅಂಕಿಗಳನ್ನು ಪಟ್ಟಿಯಾಗಿ ಬರೆದಿಟ್ಟಿದ್ದ ಸಿಎಸ್‌ವಿ ಫೈಲ್‌ನಲ್ಲಿ. '62%' ಎಂದು ಚಿಹ್ನೆ ಸಮೇತ ಟೈಪ್ ಮಾಡಿದ್ದೆ. ಸಾಫ್ಟ್‌ವೇರ್ ಅದನ್ನು ಸಂಖ್ಯೆ ಎಂದು ಓದಲೇ ಇಲ್ಲ. ಚಿಹ್ನೆ ತೆಗೆದು ಫೈಲನ್ನು ಮತ್ತೆ ಸೇರಿಸಿದೆ, ಹೋಳುಗಳು ಬಂದವು.

ಮೂರನ್ನೂ ಕೂಡಿದರೆ 100 ಆಗುತ್ತದಾ ಎಂದು ಮೊದಲೇ ನೋಡಿಕೊಳ್ಳಿ. ಮೊತ್ತ 90 ಇದ್ದರೂ ಪೈ ಚಾರ್ಟ್ ಪೂರ್ತಿ ವೃತ್ತವನ್ನೇ ಬರೆಯುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ ಅಲ್ವಾ?

ಅಕ್ಕಪಕ್ಕದ ತೋಟಗಳ ಕೆಲವು ವೃತ್ತಗಳು ಮಾತ್ರ ಕಾಣಲಿಲ್ಲ. 'ಶೋ ಆಲ್ ಡಯಾಗ್ರಾಮ್ಸ್' ಟಿಕ್ ಮಾಡಿದೆ, ಅವೂ ಬಂದವು.